ಕೊನೆಯ ಸಲ ಕಂಡ ಜಾಗ

ಹೂವಿನ ಹಿಪ್ಪರಗಿಯಿಂದ ಬಸವನ ಬಾಗೇವಾಡಿಯ ಹೆಣ್ಣುಮಕ್ಕಳ ಕಾಲೇಜಿಗೆ ಒಂದು ಟೆಂಪೊ ಹೋಗುತ್ತದೆ. ಅದರಲ್ಲಿ ಹದಿನಾಲ್ಕು ವಿದ್ಯಾರ್ಥಿನಿಯರು, ಜೊತೆಗೆ ಅಲ್ಲಿ ಕಂಪ್ಯೂಟರ್ ಪಾಠ ಹೇಳುವ ಅತಿಥಿ ಉಪನ್ಯಾಸಕಿ ನಾನು. ನನ್ನ ಜಾಗ ಚಾಲಕರ ಹಿಂದಿನ ಸೀಟು. ಎರಡು ವರ್ಷ ದಿನಾ ನೋಡಿದ್ದು ಅವರ ಕತ್ತಿನ ಹಿಂಭಾಗವನ್ನು, ಅಲ್ಲಿದ್ದ ತುಳಸಿಮಾಲೆಯನ್ನು. ಆಷಾಢ ಬಂದರೆ ಅವರು ಪಂಢರಪುರಕ್ಕೆ ನಡೆದು ಹೋಗುವವರು. ಮಾಲೆ ಹಾಕಿದವರು ಕುಡಿಯುವುದಿಲ್ಲ, ಮಾಂಸ ಮುಟ್ಟುವುದಿಲ್ಲ. ನಮ್ಮೂರಿನವರು ಹೆಣ್ಣುಮಕ್ಕಳನ್ನು ಅವರ ಗಾಡಿಯಲ್ಲಿ ಕಳಿಸುತ್ತಿದ್ದುದು ಆ ಮಾಲೆಯ ಭರವಸೆಯ ಮೇಲೆ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

ಗಾಡಿ ಎಲ್ಲಿದೆ ಎಂದು ಪಾಲಕರಿಗೆ ತಿಳಿಯುವಂತೆ ಒಂದು ಆ್ಯಪ್ ಮಾಡಿಕೊಡಲು ಪ್ರಾಂಶುಪಾಲರು ಕೇಳಿದಾಗ ಒಪ್ಪಿಕೊಂಡೆ. ಕಾಕಾನ ಫೋನಿನಲ್ಲಿ ಗಾಡಿಯ ಮಾಲೀಕರು ಹಾಕಿಸಿದ್ದ ಒಂದು ಆ್ಯಪ್ ಆಗಲೇ ಇತ್ತು. ಅದರ ಒಂದು ಭಾಗ ಪರದೆಯ ಮೇಲೆ ಕಾಣಿಸಿಕೊಳ್ಳದೆ, ಹಿನ್ನೆಲೆಯಲ್ಲಿ ಕುಳಿತು, ಗಾಡಿ ಇರುವ ಜಾಗವನ್ನು ಗುರುತಿಸುತ್ತಿತ್ತು. ಬೇರೆ ಆ್ಯಪ್‌ಗಳು ಕೇಳಿದರೆ ಉತ್ತರಿಸುತ್ತಿತ್ತು. ನಾನು ಅದೇ ಫೋನಿಗೆ ನನ್ನ ಆ್ಯಪ್ ಹಾಕಿ, ಆ ಹಿನ್ನೆಲೆ ಸೇವೆಗೆ ಜೋಡಿಸಿದೆ. ನಿಮಿಷಕ್ಕೊಮ್ಮೆ ಅದನ್ನು ಕೇಳುವುದು, ಬಂದ ಉತ್ತರವನ್ನು ಪಾಲಕರ ಫೋನಿಗೆ ಮುಟ್ಟಿಸುವುದು, ಇಷ್ಟೇ ಕೆಲಸ. ಮನೆಯಲ್ಲಿ ಗಡಿಯಾರವಿಲ್ಲದವಳು ಗೋಡೆಯಾಚೆಯವರನ್ನು ವೇಳೆ ಕೇಳಿ ಓಣಿಗೆಲ್ಲ ಹೇಳಿದ ಹಾಗೆ.

ಗೋಡೆಯಾಚೆಯವರು ನಿದ್ದೆ ಹೋದರೆ ಓಣಿಗೆ ಏನು ಹೇಳಬೇಕು? ಅದನ್ನು ಆ್ಯಪ್ ಬರೆಯುವವಳೇ ತೀರ್ಮಾನಿಸಬೇಕು. ಮೊದಲು ನಾನು ಸರಿಯಾಗಿಯೇ ಬರೆದಿದ್ದೆ: ಉತ್ತರ ಬರದಿದ್ದರೆ ನಕ್ಷೆ ಖಾಲಿ. ಪಾಲಕರನ್ನು ಕರೆದು ತೋರಿಸಿದ ದಿನವೇ ಸೇವೆಯ ಸಂಪರ್ಕ ಎರಡು ನಿಮಿಷ ಕಡಿಯಿತು. ಗಾಡಿಯ ಚುಕ್ಕೆ ಮಾಯವಾಯಿತು.

"ಎಲ್ಲಿ ಹೋತ್ರಿ ಮೇಡಂ ಗಾಡಿ? ಹಾರಿ ಹೋತೇನು?" ಎಂದರು ಒಬ್ಬ ಹುಡುಗಿಯ ತಂದೆ. ದೊಡ್ಡ ದನಿಯ ಮನುಷ್ಯ.

"ಆಗಲೇ ಪಂಢರಪುರ ಮುಟ್ಟಿರಬೇಕ್ ಬಿಡ್ರಿ," ಎಂದರು ಪಕ್ಕದವರು.

ಎಲ್ಲರೂ ನಕ್ಕರು. ಕಾಕಾ ಕೂಡ ನಕ್ಕರು. ಕೆಟ್ಟ ನಗುವೇನೂ ಅಲ್ಲ. ಆದರೆ ಅದುವರೆಗೆ ನನ್ನ ಕೆಲಸವನ್ನು ನೋಡಿ ಯಾರೂ ನಕ್ಕಿದ್ದಿಲ್ಲ, ನನಗದನ್ನು ತಡೆಯಲಾಗಲಿಲ್ಲ. ಅಂದು ಸಂಜೆ ಒಂದು ಸಾಲು ಬದಲಿಸಿದೆ: ಉತ್ತರ ಬರದಿದ್ದರೆ ಕೊನೆಯ ಸಲ ಕಂಡ ಜಾಗವನ್ನೇ ತೋರಿಸು. ಅದು ಹಳೆಯ ಉತ್ತರ ಎಂದು ಪರದೆಯ ಮೇಲೆ ಎಲ್ಲೂ ಹೇಳಲಿಲ್ಲ. ಹೇಳಬೇಕೆಂದು ಗೊತ್ತಿತ್ತು. ಚುಕ್ಕೆ ಮತ್ತೆ ಮಾಯವಾಗಲಿಲ್ಲ, ಎಲ್ಲರೂ ಹೊಗಳಿದರು.

ಪರೀಕ್ಷೆಯ ಮೊದಲ ದಿನ ಟೆಂಪೊ ನಲವತ್ತು ನಿಮಿಷ ತಡವಾಯಿತು. ಕಾಕಾನ ಮನೆ ಬಾಗೇವಾಡಿಯಲ್ಲಿ. ಬೆಳಿಗ್ಗೆ ಅವರು ಹಿಪ್ಪರಗಿಗೆ ಖಾಲಿ ಗಾಡಿ ತಂದು ನಮ್ಮನ್ನು ಹತ್ತಿಸಿಕೊಳ್ಳುತ್ತಾರೆ. ಹುಡುಗಿಯರು, ಅವರನ್ನು ಬಿಡಲು ಬಂದ ಅಪ್ಪಂದಿರು, ನಾನು, ಎಲ್ಲರೂ ನಿಲ್ದಾಣದಲ್ಲಿ ಫೋನ್ ಹಿಡಿದು ನಿಂತಿದ್ದೆವು. ಚುಕ್ಕೆ ದಾರಿಯ ನಡುವಿನ ಕ್ರಾಸ್‌ನಲ್ಲಿತ್ತು. ಆ ಕ್ರಾಸ್‌ನಲ್ಲಿರುವುದು ಒಂದು ಬಾರ್ ಮಾತ್ರ. ಅದರ ಹಿಂದಿನ ಬಾಗಿಲು ಬೆಳಿಗ್ಗೆಯೇ ತೆರೆಯುತ್ತದೆಂದು ಊರಿಗೆಲ್ಲ ಗೊತ್ತು.

ನಿಂತ ಗಾಡಿಯ ಚುಕ್ಕೆಯೂ ನಕ್ಷೆಯಲ್ಲಿ ಸ್ವಲ್ಪ ನಡುಗುತ್ತದೆ. ಒಂದು ಮಾರು ಆಚೆ, ಒಂದು ಮಾರು ಈಚೆ. ಈ ಚುಕ್ಕೆ ನಡುಗುತ್ತಿರಲಿಲ್ಲ. ಐದನೆಯ ನಿಮಿಷಕ್ಕೇ ನನಗೆ ತಿಳಿಯಿತು: ಸೇವೆ ನಿಂತಿದೆ, ಹಳೆಯ ಜಾಗವನ್ನು ತೋರಿಸುತ್ತಿರುವುದು ನನ್ನ ಸಾಲು. ಅಲ್ಲಿದ್ದವರಲ್ಲಿ ಅದನ್ನು ತಿಳಿಯಬಲ್ಲವಳು ನಾನೊಬ್ಬಳೇ.

ಟೆಂಪೊ ಬಂತು. ಕಾಕಾನ ಎರಡೂ ಕೈ ಕಪ್ಪಾಗಿದ್ದವು, ಪ್ಯಾಂಟಿನ ಮೊಣಕಾಲಿಗೆ ಮಣ್ಣು ಮೆತ್ತಿತ್ತು.

"ಎಲ್ಲಿ ನಿಂತಿದ್ದಿಪಾ ಇಷ್ಟೊತ್ತು?" ಆ ದೊಡ್ಡ ದನಿಯ ತಂದೆ ಕೇಳಿದರು.

"ಕ್ರಾಸ್ ದಾಟಿ ಮುಂದ ಬಂದಿದ್ದೆರಿ, ಗಾಲಿ ಪಂಚರ್ ಆತು. ಒಬ್ಬನ ಇದ್ದೆ, ಬದಲಿ ಮಾಡಿ ಬರೂದ್ರಾಗ..."

"ಪಂಚರ್ ಬಾರಿನ ಮುಂದನ ಆಗ್ತೈತೇನು?"

"ಬಾರಿನ ಮುಂದ ನಿಂತಿಲ್ರಿ ಸಾಹುಕಾರ."

"ಇಲ್ಲಿ ನೋಡಿಲ್ಲಿ. ಫೋನ್ ಸುಳ್ಳ ಹೇಳ್ತೈತಿ, ನೀ ಖರೆ ಹೇಳ್ತಿ? ಲೇಟಾದ್ರ ಒಂದು ಫೋನರ ಮಾಡಬೇಕಿಲ್ಲ?"

"ಆ್ಯಪಿನ್ಯಾಗ ಕಾಣಸ್ತೈತಲ್ಲ ಅಂತ ಮಾಡಲಿಲ್ರಿ."

"ಕಾಣಸ್ತೈತಿ, ಕಾಣಸ್ತೈತಿ! ಕೊಳ್ಳಾಗ ಮಾಲಿ, ಬಾಯಾಗ ವಿಠ್ಠಲ, ಗಾಡಿ ಬಾರ್ ಮುಂದ!"

ಹಿಂದಿನಿಂದ ಯಾರೋ ಕಿಸಕ್ಕೆಂದರು. ಕಾಕಾ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಗಾಬರಿ ಇರಲಿಲ್ಲ. ನಾನಿದ್ದೇನಲ್ಲ ಎಂಬ ಧೈರ್ಯವಿತ್ತು.

"ತಂಗಿ, ನೀ ಹೇಳವಾ. ನೀನ ಮಾಡಿದ್ದಲ್ಲ ಅದು. ಅದು ತಪ್ಪ ತೋರಸೂದು ಇರ್ತೈತಿಲ್ಲ?"

"ನೋಡಿ ಹೇಳ್ತೇನಿ ಕಾಕಾ," ಎಂದೆ.

ನೋಡುವುದು ಏನೂ ಇರಲಿಲ್ಲ.

ಹುಡುಗಿಯರು ಕಾಲು ಗಂಟೆ ತಡವಾಗಿ ಪರೀಕ್ಷೆಗೆ ಕುಳಿತರು. ಸಂಜೆ ಆ ಫೋನಿನಿಂದ ಬಂದ ದಾಖಲೆ ತೆರೆದೆ. ಬ್ಯಾಟರಿ ಕಡಿಮೆಯಾದಾಗ ಫೋನು ತಾನಾಗಿ ಹಿನ್ನೆಲೆಯ ಸೇವೆಗಳನ್ನು ಮಲಗಿಸಿತ್ತು. ಕ್ರಾಸ್ ಹತ್ತಿರ ಕೊನೆಯ ಉತ್ತರ. ಆಮೇಲೆ ಕಾಕಾ ಗಾಲಿ ಬದಲಿಸಿ, ಗಾಡಿಯಲ್ಲಿ ಚಾರ್ಜಿಗೆ ಹಾಕಿದ ಬಳಿಕವಷ್ಟೇ ಮುಂದಿನದು. ಸಾಲನ್ನು ಸರಿಪಡಿಸಿದೆ. ಹತ್ತು ನಿಮಿಷದ ಕೆಲಸ. ಯಾರಿಗೂ ಹೇಳಲಿಲ್ಲ. ಮೊದಲು ಸರಿಪಡಿಸಿ ಆಮೇಲೆ ಹೇಳೋಣ ಎಂದುಕೊಂಡಿದ್ದೆ; ಸರಿಪಡಿಸಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಪಾಲಕರ ಒತ್ತಾಯಕ್ಕೆ ಪ್ರಾಂಶುಪಾಲರು, ವಿಚಾರಣೆ ಮುಗಿಯುವ ತನಕ ಮನೆಯಲ್ಲಿರಲು ಕಾಕಾಗೆ ಹೇಳಿದರು. ಇಂಡಿ ಕಡೆಯ ಬೇರೊಬ್ಬ ಚಾಲಕ ಬಂದ. ಎಂಟು ದಿನ ನಾನು ಅವನ ಹಿಂದೆ ಕುಳಿತು ಹೋಗಿ ಬಂದೆ. ಕಾಲೇಜಿನಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕಡಿಮೆ ಮಾತಿನವಳೆಂದು ನನಗೆ ಹೆಸರಿದೆ. ಆ ಎಂಟು ದಿನ ಆ ಹೆಸರಿನ ಮರೆಯಲ್ಲಿ ಕುಳಿತಿದ್ದೆ.

ಬಾಗೇವಾಡಿಯ ಸಂತೆಯಲ್ಲಿ ಕಾಕಾನ ಹೆಂಡತಿ ಸಿಕ್ಕರು. ನಾನು ದಾಟಿ ಹೋಗಲು ನೋಡಿದೆ, ಅವರೇ ಕರೆದರು.

"ಮನ್ಯಾಗನ ಕುಂತಾರವಾ. ಮಾಲಿ ತಗದು ದೇವರ ಜಗಲಿ ಮ್ಯಾಲ ಇಟ್ಟಾರ. ಮಂದಿ ಬಾಯಾಗ ವಿಠ್ಠಲನ ಹೆಸರು ಹಂಗ ಬರೂದು ಬ್ಯಾಡ ಅಂತಾರ."

ನಾನು ಕೈಯಲ್ಲಿದ್ದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದೆ.

"ನಿನ್ನ ಮ್ಯಾಲ ಏನೂ ಸಿಟ್ಟಿಲ್ಲ ತಗಿ. 'ನೋಡಿ ಹೇಳ್ತೇನಿ ಅಂದಾಳ, ಪಾಪ, ತಂಗಿ ನೋಡಾಕತ್ತಿರಬೇಕು' ಅಂತಾರ."

ಮರುದಿನ ಪ್ರಾಂಶುಪಾಲರಿಗೆ ಹೇಳಿದೆ. ಅವರು ಪಾಲಕರನ್ನು ಕರೆಸಿದರು, ಕಾಕಾನನ್ನೂ. ಕಾಕಾ ಬಾಗಿಲ ಬಳಿ ನಿಂತಿದ್ದರು. ನಾನು ದಾಖಲೆ ತೋರಿಸಿ, ಫೋನು ಸೇವೆಯನ್ನು ಮಲಗಿಸಿದ್ದನ್ನು ವಿವರಿಸಿದೆ.

"ಹೋಗ್ಲಿ ಬಿಡ್ರಿ ಮೇಡಂ," ಎಂದರು ಒಬ್ಬ ಪಾಲಕರು. "ಮಶೀನ್ ಅಂದ ಮ್ಯಾಲ ತಪ್ಪಾಗೂದ."

ಅಲ್ಲಿಗೇ ನಿಲ್ಲಿಸಬಹುದಿತ್ತು. ಬಾಗಿಲ ಕಡೆ ನೋಡಿದೆ.

"ಮಶೀನ್ ತಪ್ಪಲ್ರಿ. ಗಾಡಿ ಎಲ್ಲೈತಿ ಗೊತ್ತಾಗಲಿಲ್ಲಂದ್ರ ಹಳೇ ಜಾಗಾನ ತೋರಸು ಅಂತ ನಾನ ಬರದಿದ್ದೆ. ಅವತ್ತ ನಿಮ್ಮ ಮುಂದ ನಿಂತಾಗೂ ನನಗ ಗೊತ್ತಿತ್ತು."

ದೊಡ್ಡ ದನಿಯ ತಂದೆ ಈ ಸಲ ಸಣ್ಣಗೆ ಕೇಳಿದರು: "ಮತ್ತ ಅವತ್ತ ಯಾಕ ಹೇಳಲಿಲ್ರಿ?"

ನಗುತ್ತಾರೆಂದು ಹೆದರಿದ್ದೆ ಎಂದು ಹೇಳಲು ನನ್ನ ವಯಸ್ಸಿನವಳಿಗೆ ಬಾಯಿ ಬರುವುದಿಲ್ಲ. ಆ ತಂದೆ ಎದ್ದು ಹೋಗಿ ಕಾಕಾನ ಎರಡೂ ಕೈ ಹಿಡಿದುಕೊಂಡರು. ನಾನು ಕೈ ಹಿಡಿಯಲಿಲ್ಲ. ಕಾಗದಗಳನ್ನು ಜೋಡಿಸುತ್ತ ಕುಳಿತೆ.

ಕಾಕಾ ಮತ್ತೆ ಗಾಡಿ ನಡೆಸುತ್ತಿದ್ದಾರೆ. ಕತ್ತು ಬರಿದಾಗಿದೆ. ತೆಗೆದಿಟ್ಟ ಮಾಲೆಯನ್ನು ಅವರು ತಾವಾಗಿ ಹಾಕಿಕೊಳ್ಳುವುದಿಲ್ಲವಂತೆ; ಪಂಢರಪುರದಲ್ಲಿ ತಮ್ಮ ಗುರುಗಳಾದ ಮಹಾರಾಜರ ಕೈಯಿಂದಲೇ ಆಗಬೇಕಂತೆ. ಆಷಾಢ ಇನ್ನೂ ದೂರವಿದೆ.

ಮೊನ್ನೆ ಸೇವೆ ಮತ್ತೆ ನಿಂತಿತು. ಕಾಕಾ ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದರು: "ಈಗ ಅದು ಏನ್ ತೋರಸ್ತೈತ್ರಿ?"

"ಗಾಡಿ ಎಲ್ಲಿದೆ ತಿಳಿಯುತ್ತಿಲ್ಲ ಅಂತ ತೋರಸ್ತೈತಿ ಕಾಕಾ."

"ಛಲೋ ಆತು." ಸ್ವಲ್ಪ ದೂರ ಹೋದ ಮೇಲೆ, ಸಿಟ್ಟಿಲ್ಲದ ದನಿಯಲ್ಲೇ ಅಂದರು: "ಅವತ್ತ ನೀವು ಅಷ್ಟ ಅಂದಿದ್ರೂ ಸಾಕಾಗ್ತಿತ್ತು ನೋಡ್ರಿ, ಮೇಡಂ."

ಈಗ ಅವರು ನನ್ನನ್ನು ಮೇಡಂ ಎನ್ನುತ್ತಾರೆ. ಮಾಲೆ ಇದ್ದ ಕಡೆ ಅವರ ಕತ್ತಿನ ಮೇಲೆ ಬಿಳಿಚಿದ ಒಂದು ಗೆರೆ ಉಳಿದಿತ್ತು. ಕಿಟಕಿಯಿಂದ ಬೀಳುವ ಬಿಸಿಲಿಗೆ ಅದೂ ಕಪ್ಪಾಗುತ್ತ ಬಂದಿದೆ.