ನಮ್ಮ ಮನೆಯಲ್ಲಿಲ್ಲದ ಮೇವಿನ ಮಷೀನು

ಮೋಸಂಬಿ ಕಂಡರೆ ನನಗೆ ಇವತ್ತಿಗೂ ಹೇಸಿಕೆ. ಗಂಗಾವತಿಯ ರೈಸ್ ಮಿಲ್ಲಿನ ಸಾವ್ಕಾರ ನಮ್ಮಣ್ಣನನ್ನು ನೋಡಲು ದವಾಖಾನೆಗೆ ಬಂದಾಗ ತಂದದ್ದು ಒಂದು ಚೀಲ ಮೋಸಂಬಿ. ಬಲಗೈಯ ಮೂರು ಬೆರಳು ಕಳೆದುಕೊಂಡವನಿಗೆ ಸುಲಿದು ತಿನ್ನುವ ಹಣ್ಣು!

ಅಣ್ಣ ಆ ಮಿಲ್ಲಿನಲ್ಲಿ ಹನ್ನೊಂದು ವರ್ಷದಿಂದ ಮಷೀನ್ ನೋಡಿಕೊಳ್ಳುತ್ತಿದ್ದ. ತಿರುಗುವ ಬೆಲ್ಟಿಗೆ ಕಬ್ಬಿಣದ ಜಾಲರಿ ಇರಬೇಕು. ಇತ್ತು ಕೂಡ, ಗೋಡೆಗೆ ಒರಗಿಸಿಟ್ಟಿದ್ದರು, ನಾನೇ ಕಂಡಿದ್ದೆ. ಜಾಲರಿ ಹಾಕಿದರೆ ತೌಡು ಕಟ್ಟಿಕೊಂಡಾಗಲೆಲ್ಲ ಮಷೀನ್ ನಿಲ್ಲಿಸಿ ಬಿಚ್ಚಬೇಕು. ಹಾಕದಿದ್ದರೆ ಓಡುತ್ತಿರುವಾಗಲೇ ಕೈಯಿಂದ ಬಳಿದುಬಿಡಬಹುದು. ಸುಗ್ಗಿಯಲ್ಲಿ ಮಷೀನ್ ನಿಂತರೆ ಸಾವ್ಕಾರನಿಗೆ ಜೀವ ಹೋದಂತಾಗುತ್ತಿತ್ತು. ಹಾಗೆ ಬಳಿಯುವಾಗ ಬೆಲ್ಟು ಅಣ್ಣನ ಕೈಯನ್ನು ಎಳೆದುಕೊಂಡಿತು.

ನಾನು ಕುಕನೂರಿನ ಶಾಲೆಯೊಂದರಲ್ಲಿ ಮಾಸ್ತರ, ಇರುವುದೂ ಅಲ್ಲೇ. ಸುದ್ದಿ ತಿಳಿದು ದವಾಖಾನೆ ಮುಟ್ಟುವಷ್ಟರಲ್ಲಿ ಡಾಕ್ಟರು ಕಾಗದ ಹಿಡಿದುಕೊಂಡು, "ಹೆಂಗಾತ್ರಿ ಇದು?" ಎಂದು ಕೇಳುತ್ತಿದ್ದರು. ಮಿಲ್ಲಿನ ಲೆಕ್ಕ ಬರೆಯುವ ದಿವಾನಜಿ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ.

"ಮಾಸ್ತರ, ಮನ್ಯಾಗ ಮೇವು ಕತ್ತರಿಸೋ ಮಷೀನ್‌ನ್ಯಾಗ ಸಿಕ್ತು ಅನ್ರಿ. ಮಿಲ್ ಅಂದ್ರ ಪೊಲೀಸ್ರು ಬರ್ತಾರ, ಮಿಲ್ ಮುಚ್ಚತೈತಿ. ಉಳಿದ ಮಂದಿ ಹೊಟ್ಟಿ ಮ್ಯಾಲ ಹೊಡದಂಗ ಆಗ್ತೈತಿ. ಸಾವ್ಕಾರ್ರು ನಿಮ್ಮ ಕೈ ಬಿಡೂದಿಲ್ಲ. ಉಂಡ ಮನಿ ಜಂತಿ ಎಣಿಸಬಾರ್ದು ನೋಡ್ರಿ."

ಅಣ್ಣ ಇರುವ ನಮ್ಮ ಮನೆಯಲ್ಲಿ ಮೇವು ತಿನ್ನುವ ಒಂದು ಆಡೂ ಇಲ್ಲ. ಆದರೂ ಹೇಳಿದೆ. ಸುಳ್ಳು ಹೇಳಬೇಡಿ ಎಂದು ಮಕ್ಕಳಿಗೆ ಬೆತ್ತ ತೋರಿಸುವ ಮನುಷ್ಯ ನಾನು, ಅಚ್ಚುಕಟ್ಟಾಗಿ ಸುಳ್ಳು ಹೇಳಿ, ಅದರ ಕೆಳಗೆ ಸಹಿಯನ್ನೂ ಮಾಡಿದೆ. ಥೂ!

ಸಾವ್ಕಾರ ಮೋಸಂಬಿ ಹಿಡಿದು ಬಂದಾಗ ಅಣ್ಣ ಬ್ಯಾಂಡೇಜು ಸುತ್ತಿದ ಕೈಯನ್ನೇ ಎತ್ತಿ ಮುಗಿಯಲು ನೋಡಿದ.

"ತಪ್ಪಾತ್ರಿ ಸಾವ್ಕಾರ್ರ. ನನ್ನಿಂದ ಮಿಲ್ ನಿಂತು ನಿಮಗ ಲುಕ್ಸಾನ ಆತು."

"ಇರ್ಲಿ ಬಿಡೋ," ಎಂದು ಆ ಮನುಷ್ಯ ದೊಡ್ಡ ಮನಸ್ಸು ತೋರಿಸಿದ. ಅಣ್ಣನ ಕಣ್ಣಲ್ಲಿ ನೀರು ಬಂತು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು.

ಗಾಯ ಮಾಯ್ದ ಮೇಲೆ ಅಣ್ಣ ಕೆಲಸಕ್ಕೆ ಹೋದರೆ ಗೇಟಿನಲ್ಲೇ ತಡೆದರು. ಎರಡು ಬೆರಳಿನವನು ಏನು ಮಾಡಿಯಾನು ಎಂದರಂತೆ. ಕೊಪ್ಪಳದ ವಕೀಲರೊಬ್ಬರ ಹತ್ತಿರ ಹೋದೆವು.

"ಕೆಲಸದಾಗ ಕೈ ಹೋದ್ರ ಪರಿಹಾರ ಕೊಡೂದು ಮಾಲೀಕನ ಜವಾಬ್ದಾರಿರಿ. ಅದು ದಾನ ಅಲ್ಲ, ಹಕ್ಕು," ಎಂದರು ಅವರು. ಆಮೇಲೆ ದವಾಖಾನೆಯ ಕಾಗದ ತಿರುವಿ, "ಮೇವಿನ ಮಷೀನ್ ಅಂತ ಐತಲ್ಲ, ಇದನ್ನ ಯಾರು ಬರೆಸಿದ್ರಿ?" ಎಂದು ಕೇಳಿದರು.

ಆದರೂ ಪರಿಹಾರಕ್ಕೆ ಅರ್ಜಿ ಹಾಕಿದೆವು. ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ, ಮಿಲ್ಲಿನ ದಿವಾನಜಿಯೂ ಕೂತಿರುವಾಗಲೇ, ನಾನೇ ಎದೆಯುಬ್ಬಿಸಿ, "ನಮ್ಮ ಮನಿಗೆ ಬಂದು ನೋಡ್ರಿ ಸಾಹೇಬ್ರ, ಅಂಥಾ ಮಷೀನ್ ಎಲ್ಲೈತಿ ಅಂತ," ಎಂದೆ.

ಒಂದು ವಾರ ಬಿಟ್ಟು ಅವರು ಬಂದರು. ಜೊತೆಗೆ ನಾನೂ ಹೋದೆ. ಅಣ್ಣನ ಅಂಗಳದಲ್ಲಿ ಮೇವು ಕತ್ತರಿಸುವ ಮಷೀನು ನಿಂತಿತ್ತು! ಚಕ್ರಕ್ಕೆ ವಿಭೂತಿ, ಕುಂಕುಮ, ಚೆಂಡುಹೂವಿನ ಮಾಲೆ.

ಅತ್ತಿಗೆ ಸಂಭ್ರಮದಿಂದ ಹೊರಗೆ ಬಂದಳು. "ಮಾಲಿನ ಆಟೋದಾಗ ಬಂತ್ರಿ. ಮುಂದ ಎಮ್ಮಿನೂ ಕೊಡಸ್ತಾರಂತ. ಅಮಾಸಿ ದಿನ ಪೂಜಿ ಮಾಡೀವಿ."

"ಯಾರು ಕೊಟ್ಟಾರಮ್ಮ?" ಎಂದರು ಅಧಿಕಾರಿ.

"ಹೆಸರು ಹೇಳಬ್ಯಾಡ್ರಿ ಅಂದಾರ," ಎಂದು ಅಣ್ಣನ ಮುಖ ನೋಡಿದಳು.

ನನ್ನ ಸುಳ್ಳಿಗೆ ಸಾಕ್ಷಿಯನ್ನು ಸಾವ್ಕಾರನ ಕಡೆಯವರು ಮನೆಬಾಗಿಲಿಗೇ ಇಳಿಸಿ ಹೋಗಿದ್ದರು. ನಮ್ಮ ಮಂದಿ ಅದಕ್ಕೆ ಊದಿನಕಡ್ಡಿ ಬೆಳಗಿದ್ದರು! ಕಬ್ಬಿಣ ಮನೆಗೆ ಬಂದರೆ ಮೊದಲು ಕುಂಕುಮ ಹಚ್ಚುತ್ತೇವೆ. ಯಾಕೆ ಬಂತು ಎಂದು ಕೇಳುವುದಿಲ್ಲ.

ಅಧಿಕಾರಿ ಬ್ಲೇಡಿನ ಮೇಲೆ ಬೆರಳು ಎಳೆದರು. ಕಂಪನಿಯ ಗ್ರೀಸು ಹಾಗೇ ಇತ್ತು. ಒಂದು ಹುಲ್ಲುಕಡ್ಡಿಯೂ ಅಂಟಿರಲಿಲ್ಲ. ಬೆರಳು ಒರೆಸಿಕೊಳ್ಳುತ್ತ ಅಣ್ಣನನ್ನು ಕೇಳಿದರು, "ಖರೇ ಹೇಳು. ಕೈ ಎಲ್ಲಿ ಹೋತು?"

ಸಾವ್ಕಾರನ ವಿರುದ್ಧ ಬಾಯಿ ಬಿಡುವುದು ಅಣ್ಣನಿಗೆ ಗೊತ್ತೇ ಇರಲಿಲ್ಲ. ಅವನು ನನ್ನ ಕಡೆ ತಿರುಗಿದ.

"ಆವತ್ತ ದವಾಖಾನ್ಯಾಗ ನೀನ ಹೇಳಿದ್ದಿ. ಇವತ್ತೂ ನೀನ ಹೇಳು."

ಹೇಳಿದೆ. ಜಾಲರಿ ಎಲ್ಲಿ ಒರಗಿತ್ತು, ದಿವಾನಜಿ ಏನಂದ, ನಾನು ಹೇಗೆ ಸುಳ್ಳು ಬರೆಸಿದೆ, ಎಲ್ಲವನ್ನೂ ಹೇಳಿದೆ. ನಿಮ್ಮ ನೌಕರಿಗೆ ಕುತ್ತು ಬಂದೀತು ಎಂದು ಅಧಿಕಾರಿ ಎಚ್ಚರಿಸಿದರು. ಬರಲಿ ಎಂದೆ. ಅವರು ಬರೆದುಕೊಂಡು ಕಾಗದವನ್ನು ಕಟ್ಟೆಯ ಮೇಲೆ ಇಟ್ಟರು. ಗಾಳಿ ಜೋರಾಗಿತ್ತು. ನಾನು ಸಹಿ ಮಾಡಿ ಮುಗಿಸುವವರೆಗೂ ಅಣ್ಣ ಉಳಿದ ಎರಡು ಬೆರಳಿನಿಂದ ಆ ಕಾಗದವನ್ನು ಒತ್ತಿ ಹಿಡಿದಿದ್ದ.