ಮೇಲಿನ ಮನೆಯ ಆರ್ಕಿಡ್

ಹಾಸನದ ಮನೆ ಮಾಲೀಕ ಬೀರಲಿಂಗಯ್ಯನವರ ಪ್ರಕಾರ ಬಾಡಿಗೆದಾರರೆಲ್ಲ ನೀರು ಪೋಲು ಮಾಡಲೆಂದೇ ಹುಟ್ಟಿದವರು. ಮೇಲಿನ ಮನೆಯಲ್ಲಿ ನಲ್ಲಿ ತಿರುಗಿದರೆ ಸಾಕು, ಕೆಳಗಿನಿಂದ "ಯಾರವ್ವಾ ಅದು, ಟ್ಯಾಂಕು ಬರಿದಾಯ್ತದೆ ಕಣವ್ವಾ!" ಎಂಬ ಕೂಗು ಏಳುತ್ತದೆ. ಮಳೆ ಬಂದರೆ ಛತ್ರಿ ಹಿಡಿದು ನಿಂತು, ಚರಂಡಿಗೆ ಹರಿಯುವ ನೀರನ್ನೂ ಗದರುತ್ತಾರೆ. ಇಂಥವರ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ದೀಪಶ್ರೀಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಮಗುವನ್ನು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾಯಿತು. ಇತ್ತ ಮೆಟ್ಟಿಲ ಮೇಲಿದ್ದ ಅವಳ ಆರ್ಕಿಡ್ ಹೂಗಿಡ ನೀರಿಲ್ಲದೆ ಸೊರಗಿ, ಎಲೆಗಳೆಲ್ಲ ಸುಕ್ಕುಗಟ್ಟಿದವು. ಬೀರಲಿಂಗಯ್ಯ ಸತ್ತ ಬೇರುಗಳನ್ನು ಕತ್ತರಿಸಿ, ತಾವೇ ಬಕೆಟ್ ತುಂಬ ನೀರು ಹಿಡಿದು ಗಿಡವನ್ನು ನೆನೆಸಿ, ಬಸಿದು, ನೆರಳಿಗಿಟ್ಟರು. "ಮಗು ಹೆಂಗೈತವ್ವಾ" ಎಂದು ಫೋನ್ ಮಾಡಿ ಕೇಳಲು ಮಾತ್ರ ಅವರಿಗೆ ಧೈರ್ಯ ಬರಲಿಲ್ಲ. ಬೆಳಗಾದರೆ ಎಲೆ ಮುಟ್ಟಿ ನೋಡುತ್ತಿದ್ದರು; ಉಣ್ಣಲು ಕೂತರೆ ಅರ್ಧಕ್ಕೇ ಏಳುತ್ತಿದ್ದರು. ಬೂದು ಬೇರು ಹಸಿರಾಗಿ, ಎಲೆ ಬಿಗಿಯಾಗುವ ಹೊತ್ತಿಗೆ ಅವಳೇ ಫೋನ್ ಮಾಡಿದಳು: "ತಾತ, ಪಾಪು ಉಷಾರಾಗೈತೆ. ನಾಳೆ ಕರ್ಕೊಂಡ್ ಬತ್ತೀನಿ." "ಬಾರವ್ವಾ, ನಿನ್ ಗಿಡಾನೂ ಚಿಗುರ್ತಾ ಐತೆ" ಎಂದ ಬೀರಲಿಂಗಯ್ಯ, ಅವತ್ತು ಮತ್ತೊಂದು ಮುದ್ದೆ ಹಾಕಿಸಿಕೊಂಡು ಉಂಡರು.