ಮೂರು ತೊಟ್ಟು ಅಸೆಟಿಕ್ ಆಸಿಡ್

ಮೊದಲು ಊದಿದ್ದು ಕಣ್ಣಿನ ರೆಪ್ಪೆ. ಸೋಮವಾರ ಎಂದು ನಾನು ಹೇಳುತ್ತೇನೆ. ಶನಿವಾರ ಎನ್ನುತ್ತಾಳೆ ಹೆಂಡತಿ ಶಾರದಾ. ಇಬ್ಬರಿಗೂ ಅನುಮಾನವಿಲ್ಲ. ಆರು ವರ್ಷದ ಮಗಳು ಸುಮಾಗೆ ಹುಳ ಕಚ್ಚಿದೆ ಎಂದುಕೊಂಡೆವು. ವಾರದೊಳಗೆ ಕಾಲೂ ಊದಿತು. ಒತ್ತಿದರೆ ಬೆರಳಿನ ಗುಂಡಿ ಹಾಗೇ ಉಳಿಯುತ್ತಿತ್ತು.

ನೆಫ್ರಾಟಿಕ್ ಸಿಂಡ್ರೋಮ್.

ಕಿಡ್ನಿಯ ಜರಡಿ ಸಡಿಲವಾಗಿ ರಕ್ತದ ಪ್ರೋಟೀನ್ ಮೂತ್ರದಲ್ಲಿ ಹೋಗುತ್ತಿದೆ ಎಂದರು ತುಮಕೂರಿನ ಡಾಕ್ಟರಮ್ಮ. ಸ್ಟಿರಾಯ್ಡ್ ಮಾತ್ರೆ ಬರೆದರು. ಮಾತ್ರೆ ನಿಲ್ಲಿಸಿದ ಮೇಲೂ ದಿನಾ ಬೆಳಿಗ್ಗೆ ಮನೆಯಲ್ಲೇ ಮೂತ್ರದ ಟೆಸ್ಟ್ ಮಾಡಬೇಕು. ಸತತ ಮೂರು ದಿನ ಪ್ರೋಟೀನ್ ಕಂಡರೆ ಕಾಯಿಲೆ ಮರಳಿದೆ ಎಂದರ್ಥ.

"ಟ್ಯೂಬಿನ ಮೇಲ್ಭಾಗ ಕಾಯಿಸಿ. ಬೆಳ್ಳಗಾದ್ರೆ ಮೂರು ತೊಟ್ಟು ಅಸೆಟಿಕ್ ಆಸಿಡ್ ಹಾಕಿ ಮತ್ತೆ ಕಾಯಿಸಿ. ನಿಮಗೇನು ಹೇಳೋದು ಮೇಷ್ಟ್ರೇ, ನೀವೇ ಪಾಠ ಮಾಡೋರು."

ನಿಜ. ನಾನು ದಿನಾ ಬಸ್ಸಿನಲ್ಲಿ ಹೋಗಿಬರುವ ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಪ್ರೋಟೀನ್ ಎಂದರೆ ಉದ್ದನೆಯ ಸರಪಳಿ, ತನ್ನದೇ ಆಕಾರದಲ್ಲಿ ಮಡಚಿಕೊಂಡಿರುತ್ತದೆ, ಕಾಯಿಸಿದರೆ ಮಡಿಕೆ ಬಿಚ್ಚಿ ಎಳೆಗಳು ಒಂದಕ್ಕೊಂದು ಸಿಕ್ಕುಬಿದ್ದು ಬೆಂದ ಮೊಟ್ಟೆಯ ಹಾಗೆ ಬೆಳ್ಳಗಾಗುತ್ತದೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನು.

ಮಾತ್ರೆಯಿಂದ ಸುಮಾಳ ಮುಖ ದುಂಡಗಾಯಿತು. ಕುಣಿಗಲ್ಲಿನಿಂದ ನೋಡಲು ಬಂದ ನನ್ನಕ್ಕ, "ಮೈ ಕೈ ತುಂಬ್ಕೊಂಡವ್ಳೆ ಬುಡು, ಏನೂ ಆಗಿಲ್ಲ" ಎಂದಳು. ಶಾರದಾ ಎದ್ದು ಒಳಗೆ ಹೋದಳು.

ಮಾತ್ರೆ ನಿಂತು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಟ್ಯೂಬ್ ಬೆಳ್ಳಗಾಯಿತು. ಮರುದಿನವೂ.

ಮೂರನೆಯ ದಿನವೂ.

ಆಸಿಡ್ ಹಾಕಿರಲಿಲ್ಲ. ಬಾಟಲಿ ಖಾಲಿಯಾಗಿತ್ತು, ಕಣ್ಣಲ್ಲೇ ನೋಡಿ ಹೇಳಬಲ್ಲೆ ಎಂದು ನಾನೇ ತಂದಿರಲಿಲ್ಲ. ಈಗ ಒಪ್ಪಿಕೊಳ್ಳುವುದು ಸುಲಭ. ಆಗ ಬೂತಿನಿಂದ ಡಾಕ್ಟರಮ್ಮನಿಗೆ ಫೋನ್ ಮಾಡಿ, ಯಾರೂ ಎತ್ತದಾಗ ಮನೆಗೆ ಬಂದು, ಉಳಿದಿದ್ದ ಮಾತ್ರೆಯ ಸ್ಟ್ರಿಪ್ ಕೈಗೆತ್ತಿಕೊಂಡಿದ್ದೆ.

"ಅರ್ಧ ಎಕ್ಸ್‌ಪೆರಿಮೆಂಟ್ ಮಾಡಿದ ಹುಡುಗ್ರಿಗೆ ಮಾರ್ಕ್ಸ್ ಕೊಡ್ತೀರೇನ್ರೀ?" ಎಂದಳು ಶಾರದಾ.

"ಮೂರು ದಿನ ಆಯ್ತು ಕಣೇ."

"ಆಗ್ಲಿ. ಟೆಸ್ಟ್ ಮುಗೀದೆ ಆ ಮಾತ್ರೆ ಮಗು ಬಾಯಿಗೆ ಹಾಕಕ್ಕೆ ಬಿಡಲ್ಲ. ಹೋಗಿ ಆಸಿಡ್ ತನ್ನಿ."

ಔಷಧದ ಅಂಗಡಿಗಳು ಇನ್ನೂ ತೆರೆದಿರಲಿಲ್ಲ. ಗುಬ್ಬಿಗೆ ಹೋಗಿ ಸ್ಕೂಲಿನ ಲ್ಯಾಬಿನಿಂದ ತಂದೆ. ಬಸ್ಸಿನಲ್ಲಿ ಕೂತಿದ್ದೆನೋ ನಿಂತಿದ್ದೆನೋ, ಗೊತ್ತಿಲ್ಲ. ಬಾಟಲಿಯ ಮುಚ್ಚಳವನ್ನು ದಾರಿಯುದ್ದಕ್ಕೂ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದೆ.

ಮುಚ್ಚಿಟ್ಟಿದ್ದ ಮೂತ್ರವನ್ನು ಶಾರದಾ ಕಾಯಿಸಿದಳು. ಬೆಳ್ಳಗಾಯಿತು. ಮೂರು ತೊಟ್ಟು ಹಾಕಿದಳು.

ತಿಳಿಯಾಯಿತು.

ಫಾಸ್ಫೇಟ್, ಯಾರ ಮೂತ್ರದಲ್ಲೂ ಇರುವ ಲವಣ. ಅದೂ ಕಾಯಿಸಿದರೆ ಬೆಳ್ಳಗಾಗುತ್ತದೆ, ಆಸಿಡ್ ಬಿದ್ದರೆ ಕರಗುತ್ತದೆ. ಪ್ರೋಟೀನ್ ಆಗಿದ್ದರೆ ಕರಗುತ್ತಿರಲಿಲ್ಲ. ಶಾರದಾ ಮತ್ತೆ ಕಾಯಿಸಿದಳು. ತಿಳಿಯಾಗಿಯೇ ಇತ್ತು. ಆಮೇಲೆ ಮಾತ್ರೆಯ ಸ್ಟ್ರಿಪ್ ಎತ್ತಿ ಒಳಗಿಟ್ಟಳು.

ಕಾಯಿಲೆ ಮತ್ತೆ ಬರುವುದಿಲ್ಲವೆಂದು ಡಾಕ್ಟರಮ್ಮ ಹೇಳಿಲ್ಲ. ನಾವೂ ಕೇಳಿಲ್ಲ. ಈಗ ದಿನಾ ಟೆಸ್ಟ್ ಮಾಡುವವಳು ಶಾರದಾ. ನಾನು ಪಕ್ಕದಲ್ಲಿ ಆಸಿಡ್ ಬಾಟಲಿ ಹಿಡಿದು ನಿಲ್ಲುತ್ತೇನೆ. ಸುಮಾ ಬ್ಯಾಗ್ ಏರಿಸಿಕೊಂಡು ಬಾಗಿಲಿನಿಂದ ಕೂಗುತ್ತಾಳೆ.

"ಅಪ್ಪಾ, ಚೆನ್ನಾಗಿದೀನಾ? ಹೋಗ್ಲಾ?"

"ಇರು ಕಣೇ. ಅಮ್ಮ ಇನ್ನೂ ಹೇಳಿಲ್ಲ."